ಮನೆಯಂಗಳದ ಗಾಳಿಯಂತ್ರ ಎಷ್ಟು ವಿದ್ಯುತ್ ಕೊಟ್ಟೀತು?

ಜೂನ್ ತಿಂಗಳು ಕಾಲಿಟ್ಟಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳ್ಳಿಗಳಲ್ಲಿ ವಿದ್ಯುತ್ತಿನ ಕಣ್ಣುಮುಚ್ಚಾಲೆ ಆರಂಭವಾಗುತ್ತದೆ. ಪಡುಗಾಳಿಗೆ ಅಕೇಶಿಯಾ, ಹಲಸು, ಗೇರುಮರಗಳ ಗೆಲ್ಲುಗಳು ಮುರಿದು ತಂತಿಯ ಮೇಲೆ ಬೀಳುತ್ತವೆ. ತೋಟದ ನಡುವೆ, ಗುಡ್ಡೆಯ ಬದಿಯಲ್ಲಿ ಹಾದುಹೋಗುವ ತಂತಿ ಎಲ್ಲಿ ಕಡಿದಿದೆ ಎಂದು ಲೈನ್‌ಮ್ಯಾನ್ ಮಳೆಯಲ್ಲಿ ನೆನೆಯುತ್ತ ಹುಡುಕಿ ಸರಿಪಡಿಸುವವರೆಗೆ ಒಂದು ರಾತ್ರಿ, ಕೆಲವೊಮ್ಮೆ ಮೂರು ನಾಲ್ಕು ರಾತ್ರಿ ಕತ್ತಲು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಆಸುಪಾಸಿನಲ್ಲಿ ಗುಡ್ಡ ಕುಸಿದು ನೆರೆ ಬಂದಾಗ ರಸ್ತೆ, ಸೇತುವೆ, ತೋಟಗಳ ಜೊತೆಗೆ ವಿದ್ಯುತ್ ಕಂಬಗಳೂ ಉರುಳಿದ್ದವು. ಇಂಥ ರಾತ್ರಿ ಹೊರಗೆ ಗಾಳಿ ಭೋರೆನ್ನುತ್ತಿರುವಾಗ ಯಾರಿಗಾದರೂ ಒಂದು ಪ್ರಶ್ನೆ ಹೊಳೆಯುವುದು ಸಹಜ. ಕರೆಂಟು ತೆಗೆದದ್ದು ಗಾಳಿ. ಆ ಗಾಳಿಯೇ ನಮ್ಮ ಮನೆಗೆ ಸಾಕಾಗುವಷ್ಟು ಕರೆಂಟು ಕೊಡಬಾರದೇಕೆ?

ವಿಜ್ಞಾನ ಮೇಳಗಳಲ್ಲಿ ಮಕ್ಕಳೂ, ಮನೆ ಕಟ್ಟಿಸುವಾಗ ಹಿರಿಯರೂ ಕೇಳುವ ಪ್ರಶ್ನೆ ಇದು. ಲಕ್ಷ ರೂಪಾಯಿ ದಾಟುವ ಖರ್ಚಿನ ವಿಷಯವಾದ್ದರಿಂದ ಉತ್ತರ ಊಹೆಯ ಮೇಲೆ ನಿಲ್ಲಬಾರದು. ಅದೃಷ್ಟಕ್ಕೆ ಇದಕ್ಕೆ ಬೇಕಾದ ಲೆಕ್ಕ ಪಿಯುಸಿ ಭೌತವಿಜ್ಞಾನವನ್ನು ಮೀರಿದ್ದಲ್ಲ.

ಮೊದಲು ಬೆಳಗಿದ್ದು ಮನೆಗಳೇ

ಇಂದು ಗಾಳಿ ವಿದ್ಯುತ್ ಎಂದೊಡನೆ ಚಿತ್ರದುರ್ಗ, ಗದಗದ ಗುಡ್ಡಗಳ ಮೇಲಿನ ದೈತ್ಯ ಯಂತ್ರಗಳು ಕಣ್ಣಮುಂದೆ ಬರುತ್ತವೆ. ಆದರೆ ಗಾಳಿಯಿಂದ ವಿದ್ಯುತ್ ಪಡೆಯುವ ಕೆಲಸ ಆರಂಭವಾದದ್ದು ಒಂಟಿ ಮನೆಗಳಲ್ಲಿ. 1887ರಲ್ಲಿ ಸ್ಕಾಟ್ಲೆಂಡಿನ ಪ್ರಾಧ್ಯಾಪಕ ಜೇಮ್ಸ್ ಬ್ಲೈತ್ ಮೇರಿಕರ್ಕ್ ಎಂಬ ಹಳ್ಳಿಯ ತನ್ನ ಮನೆಯ ತೋಟದಲ್ಲಿ ಬಟ್ಟೆಯ ಪಟಗಳ ಗಾಳಿಯಂತ್ರ ನಿಲ್ಲಿಸಿ, ಬ್ಯಾಟರಿ ತುಂಬಿಸಿ, ದೀಪ ಉರಿಸಿದ. ಮರುವರ್ಷ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಚಾರ್ಲ್ಸ್ ಬ್ರಷ್ ತನ್ನ ಬಂಗಲೆಯ ಹಿತ್ತಿಲಲ್ಲಿ 17 ಮೀಟರ್ ವ್ಯಾಸದ, 144 ಮರದ ಅಲಗುಗಳ ಚಕ್ರವನ್ನು ಕಟ್ಟಿದ. ಅಷ್ಟು ದೊಡ್ಡ ಚಕ್ರದಿಂದ ಅವನಿಗೆ ದೊರೆತದ್ದು ಹೆಚ್ಚೆಂದರೆ 12 ಕಿಲೋವಾಟ್. ಈ ಸಂಖ್ಯೆಯನ್ನು ನೆನಪಿಡಿ. ಗಾತ್ರಕ್ಕೂ ಉತ್ಪನ್ನಕ್ಕೂ ಇರುವ ಸಂಬಂಧ ಮುಂದೆ ಬರಲಿದೆ. 1891ರಲ್ಲಿ ಡೆನ್ಮಾರ್ಕಿನ ಆಸ್ಕೊವ್‌ನಲ್ಲಿ ಪೌಲ್ ಲಾ ಕೂರ್ ಎಂಬ ಶಾಲಾ ಶಿಕ್ಷಕ ತನ್ನ ಶಾಲೆಗೆ ಗಾಳಿಯಂತ್ರ ಜೋಡಿಸಿದ. ಗಾಳಿ ಇಲ್ಲದ ಹೊತ್ತಿಗೆಂದು ನೀರನ್ನು ವಿದ್ಯುದ್ವಿಭಜಿಸಿ ಹೈಡ್ರೋಜನ್ ಕೂಡಿಟ್ಟು, ಅದರಿಂದ ಶಾಲೆಯ ದೀಪ ಉರಿಸಿದವನು ಆತ. ಹಳ್ಳಿ ಹುಡುಗರನ್ನು ವಿದ್ಯುತ್ ಕೆಲಸಗಾರರನ್ನಾಗಿ ತಯಾರು ಮಾಡಿದವನೂ ಅವನೇ. ಡೆನ್ಮಾರ್ಕ್ ಇಂದು ಗಾಳಿ ವಿದ್ಯುತ್ತಿನಲ್ಲಿ ಮುಂದಿರುವುದಕ್ಕೆ ಒಬ್ಬ ಮೇಷ್ಟ್ರ ಪಾಲೂ ಇದೆ.

ನಮ್ಮಲ್ಲಿ 1960ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಗಾಳಿಯಂತ್ರ ರೂಪಿಸಿತ್ತು. ಅದು ನೀರೆತ್ತಲು ಮಾತ್ರ. ಮನೆಗೆ ವಿದ್ಯುತ್ ಕೊಡುವ ಪುಟ್ಟ ಯಂತ್ರಗಳು ಭಾರತದ ಮಾರುಕಟ್ಟೆಗೆ ಬಂದದ್ದು ಬಹಳ ತಡವಾಗಿ.

ಗಾಳಿಯ ಲೆಕ್ಕ

ಗಾಳಿಗೆ ದ್ರವ್ಯರಾಶಿ ಇದೆ, ವೇಗವಿದೆ. ಆದ್ದರಿಂದ ಚಲನಶಕ್ತಿಯೂ ಇದೆ. ಒಂದು ಚಕ್ರದ ಅಲಗುಗಳು ತಿರುಗುವಾಗ ಆವರಿಸುವ ವೃತ್ತವನ್ನು ಕಲ್ಪಿಸಿಕೊಳ್ಳಿ. ಆ ವೃತ್ತದ ಮೂಲಕ ಪ್ರತಿ ಸೆಕೆಂಡಿಗೆ ಹಾದುಹೋಗುವ ಗಾಳಿಯ ದ್ರವ್ಯರಾಶಿ ಸಾಂದ್ರತೆ, ವಿಸ್ತೀರ್ಣ, ವೇಗ ಇವುಗಳ ಗುಣಲಬ್ಧ. ಚಲನಶಕ್ತಿಯ ಸೂತ್ರದಲ್ಲಿ ವೇಗದ ವರ್ಗ ಬೇರೆ ಇದೆ. ಎರಡನ್ನೂ ಸೇರಿಸಿದರೆ:

ಸಾಮರ್ಥ್ಯ = ½ × ಸಾಂದ್ರತೆ × ವಿಸ್ತೀರ್ಣ × ವೇಗದ ಘನ

ಹೆಚ್ಚು ವೇಗವಿದ್ದರೆ ಪ್ರತಿ ಕಣದ ಶಕ್ತಿಯೂ ಹೆಚ್ಚು, ಸೆಕೆಂಡಿಗೆ ಬರುವ ಕಣಗಳೂ ಹೆಚ್ಚು. ಅದಕ್ಕಾಗಿಯೇ ಘನ. ವೇಗ ಎರಡು ಪಟ್ಟಾದರೆ ಸಾಮರ್ಥ್ಯ ಎಂಟು ಪಟ್ಟು. ಅರ್ಧವಾದರೆ ಎಂಟನೇ ಒಂದು. ಗಾಳಿಯಂತ್ರದ ಎಲ್ಲ ಭಾಗ್ಯ, ಎಲ್ಲ ದುರದೃಷ್ಟ ಈ ಒಂದು ಘನದಲ್ಲಿ ಅಡಗಿದೆ.

ಇನ್ನೊಂದು ಮಿತಿ ಇದೆ. ಗಾಳಿಯ ಶಕ್ತಿಯನ್ನು ಪೂರ್ತಿ ಹೀರಿದರೆ ಗಾಳಿ ಚಕ್ರದ ಹಿಂದೆ ನಿಂತೇಬಿಡುತ್ತದೆ. ಹಿಂದಿನಿಂದ ಬರುವ ಗಾಳಿಗೆ ದಾರಿಯೇ ಇರುವುದಿಲ್ಲ. ಚಕ್ರ ಹೇಗೇ ಇರಲಿ, ಗರಿಷ್ಠ 27ರಲ್ಲಿ 16 ಪಾಲು, ಅಂದರೆ ಶೇಕಡಾ 59.3ರಷ್ಟು ಮಾತ್ರ ಹೀರಲು ಸಾಧ್ಯವೆಂದು ಜರ್ಮನಿಯ ಆಲ್ಬರ್ಟ್ ಬೆಟ್ಝ್ 1920ರಲ್ಲಿ ತೋರಿಸಿದ. ಇದು ಸೈದ್ಧಾಂತಿಕ ಮೇಲ್ಮಿತಿ. ಅಲಗಿನ ಘರ್ಷಣೆ, ಜನರೇಟರಿನ ನಷ್ಟ ಎಲ್ಲ ಕಳೆದ ಮೇಲೆ ಮನೆಬಳಕೆಯ ಯಂತ್ರಗಳಲ್ಲಿ ಶೇಕಡಾ 25ರಿಂದ 30 ಉಳಿದರೆ ಒಳ್ಳೆಯ ಯಂತ್ರವೆಂದೇ ಹೇಳಬೇಕು.

ಈಗ ಮಾರುಕಟ್ಟೆಯಲ್ಲಿ '1 ಕಿಲೋವಾಟ್' ಎಂದು ಕರೆಯುವ ಯಂತ್ರವನ್ನು ತೆಗೆದುಕೊಳ್ಳೋಣ. ಅದರ ಚಕ್ರದ ವ್ಯಾಸ ಸುಮಾರು 2.5 ಮೀಟರ್ ಇರುತ್ತದೆ, ವಿಸ್ತೀರ್ಣ 4.9 ಚದರ ಮೀಟರ್. ನಮ್ಮ ಸೆಕೆಗೆ, 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.16 ಕಿಲೋಗ್ರಾಂ. ಒಟ್ಟು ದಕ್ಷತೆ ಶೇಕಡಾ 27 ಎಂದಿಟ್ಟುಕೊಂಡರೆ ಬೇರೆ ಬೇರೆ ವೇಗದಲ್ಲಿ ದೊರೆಯುವುದು ಇಷ್ಟು:

ಸೆಕೆಂಡಿಗೆ 3 ಮೀಟರ್ — 21 ವ್ಯಾಟ್
4 ಮೀಟರ್ — 49 ವ್ಯಾಟ್
5 ಮೀಟರ್ — 96 ವ್ಯಾಟ್
6 ಮೀಟರ್ — 166 ವ್ಯಾಟ್
8 ಮೀಟರ್ — 394 ವ್ಯಾಟ್
11 ಮೀಟರ್ — 1020 ವ್ಯಾಟ್

'1 ಕಿಲೋವಾಟ್' ಎಂಬ ಹೆಸರು ಬಂದದ್ದು ಕೊನೆಯ ಸಾಲಿನಿಂದ. ಸೆಕೆಂಡಿಗೆ 11 ಮೀಟರ್ ಎಂದರೆ ಗಂಟೆಗೆ 40 ಕಿಲೋಮೀಟರ್. ಗಾಳಿಯ ಬಲವನ್ನು ಕಣ್ಣಂದಾಜಿನಲ್ಲಿ ಹೇಳುವ ಬೋಫರ್ಟ್ ಮಾನಕದಲ್ಲಿ ಇದು 6ನೆಯ ಬಲ. ಆ ಬಲಕ್ಕೆ ಕೊಟ್ಟಿರುವ ಗುರುತುಗಳಲ್ಲಿ ಒಂದು, 'ಕೊಡೆ ಹಿಡಿಯುವುದು ಕಷ್ಟ' ಎಂಬುದು. ಜೂನ್, ಜುಲೈಯಲ್ಲಿ ಶಾಲೆಗೆ ಹೋಗುವ ಮಕ್ಕಳ ಕೊಡೆ ಮಗುಚಿಕೊಳ್ಳುತ್ತದಲ್ಲ, ಅಂಥ ಗಾಳಿ. ನಮ್ಮ ಊರುಗಳಲ್ಲಿ ಅದು ವರ್ಷದಲ್ಲಿ ಎಷ್ಟು ಗಂಟೆ ಇರುತ್ತದೆ ಎಂದು ಓದುಗರೇ ಯೋಚಿಸಬಹುದು. ಮುಖಕ್ಕೆ ಗಾಳಿ ತಾಗಿ ಎಲೆ ಸರಸರ ಎನ್ನುವ ಎರಡನೆಯ ಬಲದ ಗಾಳಿಯ ವೇಗ 1.6ರಿಂದ 3.3 ಮೀಟರ್. ಅಂಗಳದ ಸಾಮಾನ್ಯ ದಿನದ ಗಾಳಿ ಇದು.

ತಿರುಗುವುದೇ ಬೇರೆ

'ಸೆಕೆಂಡಿಗೆ 1 ಮೀಟರ್ ಗಾಳಿಗೂ ತಿರುಗುತ್ತದೆ' ಎಂಬ ಜಾಹೀರಾತು ಕಂಡರೆ ಹುಷಾರಾಗಿರಬೇಕು. ತಿರುಗಬಹುದು, ಸುಳ್ಳಲ್ಲ. ಜಾತ್ರೆಯಲ್ಲಿ ಕೊಂಡ ಕಾಗದದ ಗಿರಗಿಟ್ಲೆಯೂ ತಿರುಗುತ್ತದೆ. ಆ ವೇಗದಲ್ಲಿ ನಮ್ಮ 2.5 ಮೀಟರ್ ಚಕ್ರದ ಮೂಲಕ ಹಾದುಹೋಗುವ ಗಾಳಿಯ ಒಟ್ಟು ಶಕ್ತಿಯೇ 3 ವ್ಯಾಟಿನೊಳಗೆ. ಇದ್ದುದನ್ನಲ್ಲದೆ ಇಲ್ಲದ್ದನ್ನು ಯಾವ ಯಂತ್ರವೂ ಕೊಡಲಾರದು. ಅದಲ್ಲದೆ ಬ್ಯಾಟರಿ ತುಂಬಬೇಕಾದರೆ ಜನರೇಟರಿನ ವೋಲ್ಟೇಜು ಬ್ಯಾಟರಿಯ ವೋಲ್ಟೇಜಿಗಿಂತ ಮೇಲಿರಬೇಕು. ಬಹುತೇಕ ಯಂತ್ರಗಳಲ್ಲಿ ಇದು ಸೆಕೆಂಡಿಗೆ 3 ಮೀಟರ್ ವೇಗದ ಸುಮಾರಿಗೆ ಮಾತ್ರ ಸಾಧ್ಯ. ಅದಕ್ಕಿಂತ ಕೆಳಗೆ ಚಕ್ರ ತಿರುಗುತ್ತಿದ್ದರೂ ತಂತಿಯಲ್ಲಿ ಏನೂ ಹರಿಯುತ್ತಿರುವುದಿಲ್ಲ.

ವಿದ್ಯಾರ್ಥಿಗಳ ಮಾದರಿಗಳಲ್ಲಿ ಹೆಚ್ಚಾಗಿ ಕಾಣುವುದು ಡ್ರಮ್ ಸೀಳಿ ಮಾಡಿದ ನೆಟ್ಟಗಿನ ಅಕ್ಷದ ಯಂತ್ರ. ಫಿನ್ಲೆಂಡಿನ ಸಿಗುರ್ಡ್ ಸವೋನಿಯಸ್ 1920ರ ದಶಕದಲ್ಲಿ ರೂಪಿಸಿದ ಮಾದರಿ ಅದು. ಮಾಡಲು ಸುಲಭ, ಯಾವ ದಿಕ್ಕಿನ ಗಾಳಿಗೂ ತಿರುಗುತ್ತದೆ, ಕಲಿಯಲು ಬಲು ಚೆನ್ನ. ಆದರೆ 200 ಲೀಟರಿನ ಡ್ರಮ್ಮನ್ನು ಸೀಳಿ ಜೋಡಿಸಿದರೆ ಗಾಳಿಗೆ ಎದುರಾಗುವ ವಿಸ್ತೀರ್ಣ ಒಂದು ಚದರ ಮೀಟರಿಗಿಂತ ತುಸು ಕಡಿಮೆ. ದಕ್ಷತೆ ಶೇಕಡಾ 15ರ ಆಸುಪಾಸು. ಸೆಕೆಂಡಿಗೆ 4 ಮೀಟರ್ ಗಾಳಿಯಲ್ಲಿ ಅಕ್ಷದ ಮೇಲೆ ದೊರೆಯುವುದು ಸುಮಾರು 5 ವ್ಯಾಟ್. ಒಂದು ಎಲ್ಇಡಿ ದೀಪ ಉರಿದೀತು. ಮೇಳದ ಮೇಜಿನ ಮೇಲೆ ಟೇಬಲ್ ಫ್ಯಾನ್ ಎದುರು ಅದು ಬೆಳಗುವುದನ್ನು ಕಂಡು 'ಇದನ್ನೇ ಹತ್ತು ಪಟ್ಟು ದೊಡ್ಡದು ಮಾಡಿದರೆ ಮನೆಗೆ ಸಾಕು' ಎನ್ನುವವರಿದ್ದಾರೆ. ಫ್ಯಾನಿಗೆ ಎಷ್ಟು ವ್ಯಾಟ್ ಹೋಗುತ್ತಿದೆ ಎಂದು ಅಳೆದು ಪಕ್ಕದಲ್ಲಿ ಬರೆದಿಟ್ಟರೆ ಆ ಮಾದರಿ ಇನ್ನಷ್ಟು ಕಲಿಸುತ್ತದೆ.

ತಾರಸಿಯ ಮೇಲೆ ಇಡುವ ಪುಟ್ಟ ಯಂತ್ರಗಳ ಕಥೆಯನ್ನು ಬ್ರಿಟನ್ನಿನವರು ಅಳೆದು ನೋಡಿದ್ದಾರೆ. ಕಟ್ಟಡಗಳ ಮೇಲೆ ಕೂರಿಸಿದ 26 ಯಂತ್ರಗಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ವಾರ್ವಿಕ್ ಪರೀಕ್ಷಾ ವರದಿಯ ಪ್ರಕಾರ ಒಂದೊಂದು ಯಂತ್ರ ದಿನಕ್ಕೆ ಕೊಟ್ಟ ಸರಾಸರಿ ವಿದ್ಯುತ್ 214 ವ್ಯಾಟ್-ಗಂಟೆ, ಅಂದರೆ ಒಂದು ಯೂನಿಟ್ಟಿನ ಐದನೇ ಒಂದು ಭಾಗದಷ್ಟು. ಕೆಟ್ಟು ನಿಂತ ದಿನಗಳೂ ಇದರಲ್ಲಿ ಸೇರಿವೆ. ಸೇರಲೇಬೇಕಲ್ಲ, ಮನೆಯವರಿಗೆ ಅವೂ ದಿನಗಳೇ. ಬ್ರಿಟನ್ ಗಾಳಿಗೆ ಹೆಸರಾದ ದ್ವೀಪ. ಅಲ್ಲೇ ಹೀಗಾಗಲು ಕಾರಣ, ಕಟ್ಟಡದ ಅಂಚಿಗೆ ಬಡಿದ ಗಾಳಿ ಸುಳಿಸುಳಿಯಾಗಿ ಒಡೆಯುವುದು. ಸುಳಿಯಲ್ಲಿ ಸಿಕ್ಕ ಚಕ್ರ ಎತ್ತ ತಿರುಗಲೆಂದು ತಿಳಿಯದೆ ಓಲಾಡುತ್ತದೆ. ವಿದ್ಯುತ್ತೂ ಇಲ್ಲ, ಬೇರಿಂಗಿಗೂ ಆಯುಷ್ಯವಿಲ್ಲ.

ಮೂರು ಊರುಗಳ ಗಾಳಿ

ನಮ್ಮ ಊರುಗಳಿಗೆ ಬರೋಣ. ಬಂಟ್ವಾಳ ನೇತ್ರಾವತಿಯ ದಂಡೆಯಲ್ಲಿದೆ, ಸುತ್ತ ಗುಡ್ಡೆಗಳು. ಮೂಡುಬಿದಿರೆ ಕಡಲಿನಿಂದ ನೇರ ದೂರದಲ್ಲಿ ಸುಮಾರು 25 ಕಿಲೋಮೀಟರ್ ಒಳಗಿದೆ. ಬೆಳ್ತಂಗಡಿ ತಾಲ್ಲೂಕು ಪಶ್ಚಿಮ ಘಟ್ಟದ ಬುಡಕ್ಕೇ ಅಂಟಿಕೊಂಡಿದೆ. ಮೂರಕ್ಕೂ ಗಾಳಿ ಬರುವುದು ಮುಖ್ಯವಾಗಿ ಎರಡು ರೀತಿಯಲ್ಲಿ. ಬೇಸಿಗೆಯ ಮಧ್ಯಾಹ್ನ ನೆಲ ಕಾದಾಗ ಕಡಲ ಕಡೆಯಿಂದ ಬೀಸುವ ಗಾಳಿ ಒಂದು. ಅದು ಒಳನಾಡಿಗೆ ಬರುತ್ತ ಬರುತ್ತ ಸೊರಗುತ್ತದೆ, ಸಂಜೆಯಾದ ಮೇಲೆ ಅಡಗುತ್ತದೆ. ಇನ್ನೊಂದು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮುಂಗಾರಿನ ಪಡುಗಾಳಿ. ಉಳಿದ ತಿಂಗಳುಗಳಲ್ಲಿ, ಅದರಲ್ಲೂ ಅಕ್ಟೋಬರ್, ನವೆಂಬರ್‌ನಲ್ಲಿ, ಗುಡುಗು ಮಳೆಗೆ ಮುಂಚಿನ ಕೆಲವು ನಿಮಿಷ ಬಿಟ್ಟರೆ ತೆಂಗಿನ ಗರಿ ಅಲುಗದ ದಿನಗಳೇ ಹೆಚ್ಚು.

ಮುಂಗಾರು ಗಾಳಿ ಬಲವಾದದ್ದು ನಿಜ. ಆದರೆ ಎದುರಿಗೆ ಘಟ್ಟದ ಗೋಡೆ ಇದೆ. 1890 ಮೀಟರಿಗೂ ಎತ್ತರದ ಕುದುರೆಮುಖ ಬೆಳ್ತಂಗಡಿಯ ಬೆನ್ನಿಗೇ ನಿಂತಿದೆ. ಗೋಡೆಗೆ ಬಂದ ಗಾಳಿ ಬುಡದಲ್ಲಿ ನಿಧಾನವಾಗುತ್ತದೆ, ಮೇಲೇರುತ್ತದೆ, ಏರುತ್ತ ತಣಿದು ಮಳೆ ಸುರಿಸುತ್ತದೆ, ಶಿಖರದ ಅಂಚನ್ನು ದಾಟುವಾಗ ಇಕ್ಕಟ್ಟಾಗಿ ವೇಗ ಪಡೆಯುತ್ತದೆ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿ ತೆರೆದರೆ ಮುಖಕ್ಕೆ ಹೊಡೆಯುವ ಗಾಳಿ ಕೆಳಗೆ ಬೈಲಿನ ಮನೆಯಲ್ಲಿ ಇಲ್ಲದಿರುವುದು ಹೀಗೆ. ಚಿತ್ರದುರ್ಗ, ಗದಗಗಳಿಗೆ ಘಟ್ಟ ದಾಟಿ ಮಳೆ ಕಳಚಿಕೊಂಡ ಗಾಳಿ ಸಿಗುತ್ತದೆ. ಅಲ್ಲಿ ಮರವಿಲ್ಲದ ಬೋಳುಗುಡ್ಡಗಳು ಬಯಲಿನ ನಡುವೆ ಎದ್ದುನಿಂತಿವೆ. ನಮ್ಮ ಪಾಲಿಗೆ ಬಂದದ್ದು ಮಳೆ. ಇದು ದೂರಬೇಕಾದ ಸಂಗತಿಯಲ್ಲವೆಂದು ಮುಂದೆ ತಿಳಿಯುತ್ತದೆ.

ಎರಡನೆಯ ತಡೆ ನಾವೇ ಬೆಳೆಸಿದ್ದು. ಅಡಿಕೆ ಮರ 15 ಮೀಟರಿಗೂ ಹೆಚ್ಚು ಎತ್ತರ ಬೆಳೆಯುತ್ತದೆ, ತೆಂಗು ಇನ್ನೂ ಎತ್ತರ. ದಟ್ಟ ತೋಟವಿದ್ದಲ್ಲಿ ಮರಗಳ ಎತ್ತರದ ಸುಮಾರು ಮೂರನೇ ಎರಡು ಭಾಗದವರೆಗೆ ಗಾಳಿಯ ಪಾಲಿಗೆ ಅದೇ ನೆಲ. 15 ಮೀಟರಿನ ತೋಟದೊಳಗೆ 12 ಮೀಟರಿನ ಕಂಬ ನೆಡುವುದೆಂದರೆ ಬಯಲಿನಲ್ಲಿ ಆಳೆತ್ತರಕ್ಕೆ ನೆಟ್ಟಂತೆ. ಒಂದು ಅಡ್ಡಿಯ ಹಿಂದೆ ಅದರ ಎತ್ತರದ 20 ಪಟ್ಟು ದೂರದವರೆಗೆ, ಎರಡು ಪಟ್ಟು ಎತ್ತರದವರೆಗೆ ಗಾಳಿ ಕದಡಿರುತ್ತದೆ ಎಂಬುದು ಕಂಬ ನಿಲ್ಲಿಸುವವರ ರೂಢಿಯ ಲೆಕ್ಕ. ಆ ತೋಟದಿಂದ 300 ಮೀಟರ್ ದೂರ ಹೋಗಬೇಕು, ಇಲ್ಲವೇ 30 ಮೀಟರ್ ಎತ್ತರ ಏರಬೇಕು. ಎತ್ತರಕ್ಕೆ ಫಲ ಇಲ್ಲದಿಲ್ಲ. ಮರಗಿಡಗಳ ಪ್ರದೇಶದಲ್ಲಿ 10 ಮೀಟರಿನಲ್ಲಿ 2.5 ಮೀಟರ್ ವೇಗವಿದ್ದರೆ 30 ಮೀಟರಿನಲ್ಲಿ ಅದು ಸುಮಾರು 3.5ಕ್ಕೆ ಏರುತ್ತದೆ, ಘನ ತೆಗೆದರೆ ಶಕ್ತಿ ಎರಡೂವರೆ ಪಟ್ಟಿಗೂ ಮಿಕ್ಕಿ. ಆದರೆ ಹತ್ತು ಮಹಡಿ ಎತ್ತರದ ಕಂಬಕ್ಕೆ ಯಂತ್ರಕ್ಕಿಂತ ಹೆಚ್ಚು ಖರ್ಚಾಗುತ್ತದೆ.

'ಹಾಗಾದರೆ ಗುಡ್ಡೆಯ ತಲೆಯಲ್ಲಿ ನಿಲ್ಲಿಸೋಣ' ಎನ್ನಬಹುದು. ಬಂಟ್ವಾಳದ ಕಾರಿಂಜ ಅಥವಾ ನರಹರಿ ಪರ್ವತ ಹತ್ತಿದವರಿಗೆ ಮೇಲಿನ ಗಾಳಿಯ ಅನುಭವವಿದೆ. ಮೂಡುಬಿದಿರೆ ಸುತ್ತಿನ ಮುರಕಲ್ಲಿನ ಪದವುಗಳಲ್ಲಿ, ಹುಲ್ಲು ಬಿಟ್ಟರೆ ಏನೂ ಬೆಳೆಯದ ಆ ಬಯಲುಗಳಲ್ಲಿ, ಗಾಳಿ ಸಲೀಸಾಗಿ ಹರಿಯುತ್ತದೆ. ಈ ಮೂರು ಊರುಗಳಲ್ಲಿ ಪುಟ್ಟ ಯಂತ್ರಕ್ಕೆ ಎಲ್ಲಾದರೂ ಜಾಗವಿದ್ದರೆ ಪದವಿನ ಮೇಲೆಯೇ. ಕಷ್ಟವೆಂದರೆ ನೀರು ಇರುವ ಬೈಲಿನಲ್ಲಿ ಮನೆ ಕಟ್ಟಿದವರು ನಮ್ಮ ಹಿರಿಯರು. ಪದವಿನಿಂದ ಮನೆಗೆ 300 ಮೀಟರ್ ತಂತಿ ಎಳೆಯಬೇಕೆಂದುಕೊಳ್ಳಿ. 24 ವೋಲ್ಟಿನ ವ್ಯವಸ್ಥೆಯಲ್ಲಿ 500 ವ್ಯಾಟ್ ಸಾಗಿಸಲು ಸುಮಾರು 21 ಆಂಪಿಯರ್ ಹರಿಯಬೇಕು. ಹೋಗಿ ಬರುವ 600 ಮೀಟರ್ ಉದ್ದದ, 10 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯ ರೋಧ ಸುಮಾರು 1 ಓಮ್. ಓಮ್‌ನ ನಿಯಮದಂತೆ ದಾರಿಯಲ್ಲೇ 21 ವೋಲ್ಟ್ ಖರ್ಚು! ಮನೆಗೆ ಮುಟ್ಟುವುದು 3 ವೋಲ್ಟ್. ಹೆಚ್ಚಿನ ವೋಲ್ಟೇಜಿನಲ್ಲಿ ಸಾಗಿಸಿ ಮನೆಯಲ್ಲಿ ಇಳಿಸಿಕೊಳ್ಳಬೇಕಾಗುತ್ತದೆ. ಹತ್ತನೇ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗಲಿಕ್ಕಿಲ್ಲ.

ಮಿಂಚಿನ ಮಾತನ್ನೂ ಇಲ್ಲೇ ಹೇಳಬೇಕು. ಏಪ್ರಿಲ್-ಮೇ ಹಾಗೂ ಅಕ್ಟೋಬರಿನ ಸಿಡಿಲಿಗೆ ಬೋಳು ಪದವಿನ ಮೇಲೆ ಒಂಟಿಯಾಗಿ ನಿಂತ ಲೋಹದ ಕಂಬ ಸುಲಭದ ಗುರಿ. ಒಳ್ಳೆಯ ಅರ್ತಿಂಗ್ ಬೇಕು. ಆದರೆ ಬೇಸಿಗೆಯಲ್ಲಿ ಒಣಗಿದ ಮುರಕಲ್ಲು ವಿದ್ಯುತ್ತನ್ನು ಸುಲಭವಾಗಿ ಭೂಮಿಗೆ ಬಿಡುವುದಿಲ್ಲ. ಒಂದು ಸರಳು ಹೂತು ಕೈತೊಳೆದುಕೊಂಡರೆ ಸಾಲದು. ಹಲವು ಸರಳುಗಳನ್ನು ದೂರ ದೂರ ಹೂತು ಜೋಡಿಸಬೇಕು, ಯಂತ್ರದ ತಂತಿ ಮನೆ ಹೊಕ್ಕುವಲ್ಲಿ ಸಿಡಿಲು ತಡೆಯುವ ಸಾಧನವನ್ನೂ ಹಾಕಬೇಕು.

ಯಂತ್ರದ ಒಳಗೆ

ಯಂತ್ರದ ರಚನೆ ಕಷ್ಟದ್ದಲ್ಲ. ಮೂರು ಅಲಗು, ಅವು ನೇರವಾಗಿ ತಿರುಗಿಸುವ ಕಾಯಂ ಅಯಸ್ಕಾಂತದ ಆಲ್ಟರ್ನೇಟರ್, ಗಾಳಿಯ ಕಡೆಗೆ ಮುಖ ಮಾಡಿಸುವ ಬಾಲ. ಹುಟ್ಟುವುದು ಮೂರು ಫೇಸಿನ ಪರ್ಯಾಯ ವಿದ್ಯುತ್ತು. ಅದರ ಆವರ್ತನ ಗಾಳಿಯೊಂದಿಗೆ ಏರಿಳಿಯುವುದರಿಂದ ನೇರವಾಗಿ ಬಳಸುವಂತಿಲ್ಲ. ಡಯೋಡುಗಳಿಂದ ನೇರ ವಿದ್ಯುತ್ತಾಗಿಸಿ ಬ್ಯಾಟರಿಗೆ ಕೊಟ್ಟು, ಇನ್ವರ್ಟರಿನಿಂದ 230 ವೋಲ್ಟಾಗಿ ಪಡೆಯುತ್ತೇವೆ. ಬ್ಯಾಟರಿ ತುಂಬಿದ ಮೇಲೂ ಚಕ್ರದ ಹೊರೆ ತೆಗೆಯುವಂತಿಲ್ಲ. ಹೊರೆಯಿಲ್ಲದ ಚಕ್ರ ಹುಚ್ಚು ವೇಗಕ್ಕೇರಿ ಅಲಗು ಮುರಿದುಕೊಳ್ಳುತ್ತದೆ. ಆದ್ದರಿಂದ ಮಿಕ್ಕ ವಿದ್ಯುತ್ತನ್ನು ಒಂದು ಕಾಯಿಸುವ ಸುರುಳಿಗೆ ತಿರುಗಿಸುವ ನಿಯಂತ್ರಕ ಬೇಕು. ಬಿರುಗಾಳಿಯಲ್ಲಿ ಚಕ್ರ ತಾನಾಗಿ ಓರೆಯಾಗುವಂತೆ ಬಾಲವನ್ನು ಜೋಡಿಸಿರುತ್ತಾರೆ. ಕಂಬವನ್ನು ಬುಡದಲ್ಲಿ ಕೀಲು ಹಾಕಿ ಮಲಗಿಸುವಂತೆ ಮಾಡಿದರೆ ರಿಪೇರಿಗೆ ಮೇಲೇರುವ ಅಪಾಯವಿಲ್ಲ.

ಸ್ಕಾಟ್ಲೆಂಡಿನ ಸ್ಕೊರೇಗ್ ಎಂಬ ಮೂಲೆಯ ಊರಿನ ಹ್ಯೂ ಪಿಗಟ್ 1970ರ ದಶಕದಿಂದ ಇಂಥ ಯಂತ್ರಗಳನ್ನು ಕೈಯಾರೆ ಕಟ್ಟುತ್ತ, ಮರದ ಅಲಗು ಕೆತ್ತುವುದರಿಂದ ತಾಮ್ರದ ಸುರುಳಿ ಸುತ್ತುವವರೆಗೆ ಜಗತ್ತಿಗೆಲ್ಲ ಕಲಿಸಿದವರು. ಅವರ ಪುಸ್ತಕ ಓದಿ ಹುರುಪುಗೊಂಡವರು ಗಮನಿಸಬೇಕಾದ ಸಂಗತಿ, ಸ್ಕೊರೇಗ್ ಇರುವುದು ಅಟ್ಲಾಂಟಿಕ್ ಕಡಲಂಚಿನಲ್ಲಿ, ಮತ್ತು ಅಲ್ಲಿಗೆ ವಿದ್ಯುತ್ ಮಂಡಳಿಯ ತಂತಿಯೇ ಹೋಗಿಲ್ಲ.

ದುಡ್ಡಿನ ಲೆಕ್ಕ

ಗಾಳಿ ಒಂದೇ ವೇಗದಲ್ಲಿ ಬೀಸುವುದಿಲ್ಲ. ಏರಿಳಿತ ಇದ್ದಾಗ ಘನಗಳ ಸರಾಸರಿ ಸರಾಸರಿಯ ಘನಕ್ಕಿಂತ ಹೆಚ್ಚು. ಸಾಮಾನ್ಯವಾಗಿ ಕಾಣುವ, ರೇಲೀ ವಿತರಣೆ ಎಂಬ ಏರಿಳಿತದ ಮಾದರಿಯಲ್ಲಿ ಅದು 1.91 ಪಟ್ಟು. ಚಕ್ರದ ಎತ್ತರದಲ್ಲಿ ವರ್ಷದ ಸರಾಸರಿ ವೇಗ 3 ಮೀಟರ್ ಎಂದು ಇಟ್ಟುಕೊಳ್ಳೋಣ. ತೋಟದ ನಡುವಿನ ಮನೆಗೆ ಇದು ಉದಾರವಾದ ಊಹೆಯೇ. ದಕ್ಷತೆ ಶೇಕಡಾ 25 ಹಿಡಿದರೆ ನಮ್ಮ '1 ಕಿಲೋವಾಟ್' ಯಂತ್ರ ಸರಾಸರಿ ಕೊಡುವುದು 37 ವ್ಯಾಟ್. ದಿನಕ್ಕೆ 0.9 ಯೂನಿಟ್, ಬ್ಯಾಟರಿ, ಇನ್ವರ್ಟರುಗಳ ನಷ್ಟ ಕಳೆದರೆ 0.6. ನಾಲ್ಕು ಎಲ್ಇಡಿ ದೀಪ, ಒಂದು ಕಡಿಮೆ ವ್ಯಾಟಿನ ಫ್ಯಾನ್, ಮೊಬೈಲ್ ಇವಿಷ್ಟಕ್ಕೆ ಆದೀತು. ಬಾವಿಯ 1 ಅಶ್ವಶಕ್ತಿಯ ಪಂಪು ಅರ್ಧ ಗಂಟೆ ನಡೆದರೆ ಎಲ್ಲ ಮುಗಿಯಿತು. ಅಡಿಕೆ ತೋಟದ ಪಂಪುಸೆಟ್ಟಿನ ಮಾತೇ ಬೇಡ.

ಕಂಬ, ಬ್ಯಾಟರಿ ಎಲ್ಲ ಸೇರಿ ಒಂದೂವರೆ ಲಕ್ಷ ರೂಪಾಯಿ ಎಂದು ಹಿಡಿಯಿರಿ. ವರ್ಷಕ್ಕೆ 220 ಯೂನಿಟ್, 15 ವರ್ಷಕ್ಕೆ 3300. ಯೂನಿಟ್ಟಿಗೆ 45 ರೂಪಾಯಿ ಬಿತ್ತು, ನಡುವೆ ಬ್ಯಾಟರಿ ಬದಲಿಸುವ ಖರ್ಚು ಬೇರೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಂತೆ ತಿಂಗಳಿಗೆ 200 ಯೂನಿಟ್ ಒಳಗೆ ಮಿತವಾಗಿ ಬಳಸುವ ಮನೆಗಳಿಗೆ ಬಿಲ್ಲೇ ಬರುವುದಿಲ್ಲ. ಹಾಗಾಗಿ ಬಿಲ್ಲು ಉಳಿಸಲೆಂದು ಯಾರೂ ಗಾಳಿಯಂತ್ರ ನಿಲ್ಲಿಸಬೇಕಾಗಿಲ್ಲ. ಉಳಿಯುವ ಕಾರಣ ಒಂದೇ, ಮಳೆಗಾಲದ ಕತ್ತಲು.

ಸೌರ ಫಲಕ ಇದಕ್ಕೆ ಸಹಜ ಪ್ರತಿಸ್ಪರ್ಧಿ. 1 ಕಿಲೋವಾಟ್ ಫಲಕಗಳು ನಮ್ಮ ಕರಾವಳಿಯಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತವೆ. ಜುಲೈಯ ಕರಿಮೋಡದಲ್ಲಿ ಅದು ಒಂದು ಯೂನಿಟ್ಟಿಗೂ ಇಳಿಯಬಹುದು. ಆಗ ಗಾಳಿ ಇರುತ್ತದೆ ಎಂಬುದು ಗಾಳಿಯಂತ್ರದ ಪರವಾದ ಪ್ರಾಮಾಣಿಕ ವಾದ. ಸೌರ ಫಲಕ ಕೊಳ್ಳುವವರು ಒಂದು ವಿಷಯ ಕೇಳಿಕೊಳ್ಳಬೇಕು. ಮೆಸ್ಕಾಂ ಜಾಲಕ್ಕೆ ಮಾತ್ರ ಜೋಡಿಸಿದ, ಬ್ಯಾಟರಿಯಿಲ್ಲದ ಸೌರ ವ್ಯವಸ್ಥೆ ಲೈನು ಹೋದ ಕೂಡಲೇ ತಾನೂ ನಿಲ್ಲುತ್ತದೆ, ಬಿಸಿಲಿದ್ದರೂ ಸರಿ. ತಂತಿ ರಿಪೇರಿ ಮಾಡುತ್ತಿರುವ ಲೈನ್‌ಮ್ಯಾನಿಗೆ ನಮ್ಮ ಮನೆಯಿಂದ ಹರಿದ ವಿದ್ಯುತ್ ತಗಲಬಾರದೆಂದು ಇರುವ ಕಡ್ಡಾಯ ರಕ್ಷಣೆ ಅದು. ಕತ್ತಲೆಗೆ ಉತ್ತರ ಬೇಕಿದ್ದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕು.

ತೋಡಿನಲ್ಲಿ ಹರಿಯುವ ಉತ್ತರ

ಬೆಳ್ತಂಗಡಿಯ ಘಟ್ಟದಂಚಿನವರಿಗೆ ಮೂರನೆಯ ದಾರಿಯೊಂದಿದೆ. ಗಾಳಿ ಘಟ್ಟಕ್ಕೆ ಬಡಿದು ಸುರಿಸುವ ಮಳೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್. ಗಾಳಿ ಹೊತ್ತು ತಂದ ನೀರನ್ನು ಎತ್ತರದಲ್ಲಿ ಇಳಿಸಿ ಹೋಗಿದೆ. ಅದು ತೋಡುಗಳಾಗಿ ಕೆಳಗೆ ಧುಮುಕುತ್ತದೆ. ನೀರಿನ ಸಾಂದ್ರತೆ ಗಾಳಿಯದಕ್ಕಿಂತ 800 ಪಟ್ಟಿಗೂ ಹೆಚ್ಚು. ತೋಡಿನ ನೀರಿನಿಂದ ವಿದ್ಯುತ್ ಪಡೆಯುವ ಮನೆಗಳು ಈ ತಪ್ಪಲಿನಲ್ಲಿ, ಘಟ್ಟದ ಮೇಲಿನ ಮಲೆನಾಡಿನಲ್ಲಿ ಇವೆ.

ಲೆಕ್ಕ ಇನ್ನೂ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಎತ್ತರದಿಂದ ಎಂಬುದನ್ನು ಗುಣಿಸಿ, 9.81ರಿಂದ ಗುಣಿಸಿದರೆ ವ್ಯಾಟ್. ಸೆಕೆಂಡಿಗೆ 3 ಲೀಟರ್ ನೀರು 30 ಮೀಟರ್ ಎತ್ತರದಿಂದ 200 ಮೀಟರ್ ಉದ್ದದ, 63 ಮಿಲಿಮೀಟರ್ ಪೈಪಿನಲ್ಲಿ ಬರುತ್ತದೆಂದುಕೊಳ್ಳಿ. ಪೈಪಿನ ಘರ್ಷಣೆಯಲ್ಲಿ ಸುಮಾರು 5 ಮೀಟರಿನಷ್ಟು ಎತ್ತರ ನಷ್ಟ. ಉಳಿದ 25 ಮೀಟರಿಗೆ 735 ವ್ಯಾಟ್. ಪುಟ್ಟ ಪೆಲ್ಟನ್ ಚಕ್ರ, ಜನರೇಟರ್ ಸೇರಿ ಅರ್ಧ ದಕ್ಷತೆ ಎಂದರೂ ಸುಮಾರು 365 ವ್ಯಾಟ್. ಹಗಲೂ ರಾತ್ರಿ ಒಂದೇ ಸಮ ಬರುವುದರಿಂದ ದಿನಕ್ಕೆ ಎಂಟೂವರೆ ಯೂನಿಟ್ಟಿಗೂ ಹೆಚ್ಚು. ಮೇಲಿನ ಗಾಳಿಯಂತ್ರದಂಥವು ಹತ್ತು ಬೇಕು ಇಷ್ಟಕ್ಕೆ!

ಘಟ್ಟದಂಚಿನ ಎಷ್ಟೋ ತೋಟಗಳಲ್ಲಿ ಗುಡ್ಡೆಯ ಮೇಲಿನ ನೀರನ್ನು ಪಂಪಿಲ್ಲದೆ ಅಡಿಕೆಗೆ ಹಾಯಿಸುವ ಪೈಪು ಈಗಾಗಲೇ ಇದೆ. ಮಳೆಗಾಲದಲ್ಲಿ ಅಡಿಕೆಗೆ ನೀರು ಬೇಡ, ಪೈಪು ಖಾಲಿ ಬಿದ್ದಿರುತ್ತದೆ. ಕರೆಂಟು ಕೈಕೊಡುವುದೂ ಅದೇ ತಿಂಗಳುಗಳಲ್ಲಿ. ಅದೇ ಪೈಪಿನ ತುದಿಗೆ ಚಕ್ರ ಕೂರಿಸಿದರೆ ಖರ್ಚಿನ ದೊಡ್ಡ ಪಾಲು ಉಳಿಯಿತು. ಮಿಕ್ಕ ವಿದ್ಯುತ್ತನ್ನು ಸ್ನಾನದ ನೀರು ಕಾಯಿಸಲು ತಿರುಗಿಸಿದರೆ ನಿಯಂತ್ರಣವೂ ಆಯಿತು, ಸೌದೆಯೂ ಉಳಿಯಿತು. ನೀರು ತಗ್ಗುವ ಜನವರಿಯ ಬಳಿಕ ಇದು ನಿಲ್ಲುತ್ತದೆ, ಆಗ ಬಿಸಿಲಿದೆ. ಬಂಟ್ವಾಳ, ಮೂಡುಬಿದಿರೆಯ ಹೆಚ್ಚಿನ ಕಡೆ ತೋಡು ಹರಿದರೂ ಬೇಕಾದ ಎತ್ತರ ಸಿಗದು. ಅಲ್ಲಿನವರಿಗೆ ಫಲಕ, ಬ್ಯಾಟರಿಯೇ ಗತಿ. ಪದವಿನಂಚಿನ ಮನೆಯಾದರೆ ಜೊತೆಗೊಂದು ಪುಟ್ಟ ಗಾಳಿಯಂತ್ರ.

ಅಳೆದು ನೋಡಿ

ಪದವಿನಂಚಿನ ಮನೆಯವರಿಗೂ ಹತ್ತಿರದ ಶಾಲೆಗೂ ಒಂದು ವರ್ಷದ ಕೆಲಸ ಇಲ್ಲಿದೆ. ಅಂತರಜಾಲದಲ್ಲಿ ಉಚಿತವಾಗಿ ಸಿಗುವ ಜಾಗತಿಕ ಪವನ ನಕ್ಷೆ ನಮ್ಮೂರಿನ ಸುಮಾರು ವೇಗವನ್ನು ತೋರಿಸುತ್ತದೆ. ಆದರೆ ನಿಮ್ಮ ಮನೆಯ ಪಡುವಣ ಹಲಸಿನ ಮರ ಆ ನಕ್ಷೆಗೆ ಗೊತ್ತಿಲ್ಲ. ಎರಡು ಪ್ಲಾಸ್ಟಿಕ್ ಚೆಂಡುಗಳನ್ನು ಅರ್ಧ ಕತ್ತರಿಸಿ ನಾಲ್ಕು ಬಟ್ಟಲು ಮಾಡಿ, ಅಡ್ಡಕಡ್ಡಿಗಳ ತುದಿಗೆ ಒಂದೇ ದಿಕ್ಕಿಗೆ ಮುಖವಾಗಿ ಅಂಟಿಸಿ, ಹಳೆಯ ಬೇರಿಂಗಿನ ಮೇಲೆ ಕೂರಿಸಿದರೆ ಗಾಳಿಮಾಪಕ ಸಿದ್ಧ. ಸೈಕಲ್ಲಿಗೆ ಹಾಕುವ ಡಿಜಿಟಲ್ ವೇಗಮಾಪಕದ ಅಯಸ್ಕಾಂತ ಮತ್ತು ಸ್ವಿಚ್ ಜೋಡಿಸಿದರೆ ಸುತ್ತುಗಳನ್ನು ಅದೇ ಎಣಿಸುತ್ತದೆ. ಗಾಳಿಯಿಲ್ಲದ ಬೆಳಿಗ್ಗೆ, ವಾಹನಗಳಿಲ್ಲದ ಮೈದಾನದಲ್ಲಿ, ಶಿಕ್ಷಕರು ಸ್ಕೂಟರ್ ಓಡಿಸಿ, ಹಿಂದೆ ಕುಳಿತ ಇನ್ನೊಬ್ಬರು ಮಾಪಕವನ್ನು ಕೋಲಿಗೆ ಕಟ್ಟಿ ಎತ್ತಿ ಹಿಡಿಯಲಿ. ಗಂಟೆಗೆ 18 ಕಿಲೋಮೀಟರ್ ಎಂದರೆ ಸೆಕೆಂಡಿಗೆ 5 ಮೀಟರ್, 36 ಎಂದರೆ 10. ಹೀಗೆ ಅಂಕನ ಮಾಡಿಕೊಳ್ಳಬಹುದು.

ಯಂತ್ರ ನಿಲ್ಲಿಸಬೇಕೆಂದಿರುವ ಜಾಗದಲ್ಲೇ, ಸಾಧ್ಯವಾದಷ್ಟು ಎತ್ತರದಲ್ಲಿ ಇದನ್ನು ಕಟ್ಟಿ, ದಿನಕ್ಕೆ ನಾಲ್ಕಾರು ಹೊತ್ತು, ರಾತ್ರಿಯದೂ ಸೇರಿ, ಜೂನ್‌ನಿಂದ ಮುಂದಿನ ಮೇವರೆಗೆ ಬರೆದಿಡಬೇಕು. ಗಾಳಿ ಕದಡಿದೆಯೇ ಎಂದು ತಿಳಿಯಲು ಗಾಳಿಪಟದ ದಾರಕ್ಕೆ ಒಂದೊಂದು ಮಾರಿಗೆ ಒಂದರಂತೆ ಉದ್ದನೆಯ ರಿಬ್ಬನ್ ಕಟ್ಟಿ ಹಾರಿಸಿ. ಯಾವ ಎತ್ತರದಿಂದ ಮೇಲೆ ರಿಬ್ಬನ್ನುಗಳು ಪಟಪಟ ಹೊಡೆದುಕೊಳ್ಳದೆ ನೇರವಾಗಿ ಚಾಚಿಕೊಳ್ಳುತ್ತವೆಯೋ ಕಂಬ ಅಲ್ಲಿಯವರೆಗೆ ಏರಬೇಕು.

ದಾಖಲೆಯ ಸರಾಸರಿ ತೆಗೆಯುವಾಗ ಒಂದು ಎಚ್ಚರ. ಪ್ರತಿ ವೇಗದ ಘನವನ್ನು ಮೊದಲು ಕಂಡುಹಿಡಿದು ಆಮೇಲೆ ಸರಾಸರಿ ತೆಗೆಯಿರಿ. 1, 1, 2, 2, 6, 6 ಎಂಬ ಆರು ಅಳತೆಗಳ ಸರಾಸರಿ 3, ಅದರ ಘನ 27. ಘನಗಳ ಸರಾಸರಿಯಾದರೋ 75. ವರ್ಷದ ಕೊನೆಗೆ ಈ ಎರಡನೆಯ ಸಂಖ್ಯೆ 50ರ ಆಸುಪಾಸಿನಲ್ಲಿ ಬಂದರೆ ಮೇಲೆ ಹೇಳಿದ ಯಂತ್ರದಿಂದ ದಿನಕ್ಕೆ 0.6 ಯೂನಿಟ್, ಯೂನಿಟ್ಟಿಗೆ 45 ರೂಪಾಯಿ. 120 ದಾಟಿದರೆ ಜನರೇಟರಿನಿಂದ ದಿನಕ್ಕೆ 2 ಯೂನಿಟ್ ಬರುತ್ತದೆ. ಆಗ ಮಾರಾಟಗಾರರನ್ನು ಕರೆಸಿ ಮಾತಾಡಬಹುದು.